ಜಗಳೂರು ಹಗೇವಿನ ಬರೋಲೊ

ಹೆಂಡದ ವಾಸನೆ ಬಂದರೆ ಬೀದಿಯ ಆಚೆ ಬದಿಗೆ ದಾಟಿ ನಡೆಯುವ ಹೆಂಗಸು ಪ್ರೇಮಮ್ಮ. ಹಣೆಗೆ ವಿಭೂತಿ ಇಡದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಚನ್ನಗಿರಿಯ ಅಂಥ ಹೆಂಗಸಿಗೆ ಇಟಲಿಯ ಒಂದು ಬಾಟಲಿ ಕೆಂಪು ವೈನಿನ ಯೋಗ್ಯತೆ ಹೇಳುವ ಕೆಲಸ ಬಂತೆಂದರೆ, ಶಿವನಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ ಎಂದೇ ತಿಳಿಯಬೇಕು.

ಒಂದು ಭಾನುವಾರ ಸಂಜೆ ಗಂಡ ಜಯಪ್ಪನ ಮೊಬೈಲಿಗೆ ವಿಡಿಯೊ ಕರೆ ಬಂತು. ಆ ಕಡೆ ಇದ್ದವಳು ಲೂಚಿಯಾ, ಎಂಬತ್ತು ದಾಟಿದ ಮುದುಕಿ. ಅವಳ ಹೆಸರು ಈ ಮನೆಯವರ ಬಾಯಲ್ಲಿ ಲೂಚಮ್ಮ ಆಗಿ ಎಷ್ಟೋ ಕಾಲವಾಗಿತ್ತು. ಹಬ್ಬದಲ್ಲಿ ಎಡೆ ಇಡುವಾಗ ಪ್ರೇಮಮ್ಮ ಸತ್ತ ಹಿರಿಯರ ಹೆಸರಿನ ಜೊತೆಗೆ ಈ ಬದುಕಿರುವ ಮುದುಕಿಯ ಹೆಸರನ್ನೂ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳುತ್ತಿದ್ದಳು. ಅದಕ್ಕೆ ಕಾರಣವಿತ್ತು.

ಜಯಪ್ಪ ಕತ್ತಲಗೆರೆಯ ಕೃಷಿ ಫಾರ್ಮಿನಲ್ಲಿ ಕೆಲಸಕ್ಕಿದ್ದಾಗ ತರಬೇತಿಗೆಂದು ಒಂದು ವರ್ಷ ಇಟಲಿಗೆ ಹೋಗಿದ್ದ. ಬರೋಲೊ ಎಂಬ ಊರಿನ ಗುಡ್ಡದ ಮೇಲೆ ದ್ರಾಕ್ಷಿ ಬೆಳೆದು ವೈನ್ ಮಾಡುವ ಪಿಯೆತ್ರೊನ ಮನೆಯಲ್ಲಿ ಬಾಡಿಗೆ ಕೋಣೆ. ಚಳಿಗಾಲದಲ್ಲಿ ನ್ಯುಮೋನಿಯಾ ಹಿಡಿದು ಜಯಪ್ಪ ಹಾಸಿಗೆ ಬಿಟ್ಟು ಏಳಲಾರದೆ ಹೋದ. ಪಿಯೆತ್ರೊನ ಹೆಂಡತಿ ಲೂಚಿಯಾ ಅವನನ್ನು ಅಡುಗೆಮನೆಯ ಪಕ್ಕದ ಬೆಚ್ಚನೆಯ ಕೋಣೆಗೆ ಕರೆತಂದು ಮಲಗಿಸಿದಳು. ಮಾಂಸ ತಿನ್ನದ ಈ ಪರದೇಶಿಗೆ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಚಮಚದಲ್ಲಿ ತಿನ್ನಿಸಿದಳು. ರಾತ್ರಿ ಅವನ ಕೆಮ್ಮು ಕೇಳಿಸಿದರೆ ಎದ್ದು ಬರುತ್ತಿದ್ದಳು. ಇತ್ತ ಚನ್ನಗಿರಿಯಲ್ಲಿ ತುಂಬು ಬಸುರಿಯಾಗಿದ್ದ ಪ್ರೇಮಮ್ಮನಿಗೆ ವಿಷಯ ತಿಳಿದದ್ದು ಗಂಡ ಎದ್ದು ಓಡಾಡಲು ಶುರು ಮಾಡಿದ ಮೇಲೆ. ಅವತ್ತಿನಿಂದ ಅವಳಿಗೆ ತನ್ನ ಕೊರಳಿನ ತಾಳಿ ಅರ್ಧ ಲೂಚಮ್ಮನದು ಅನ್ನಿಸುತ್ತಿತ್ತು. ಧನ್ಯವಾದ ಅನ್ನುವ ಸರ್ಕಾರಿ ಮಾತು ಅದಕ್ಕೆ ಸಾಲುವುದಿಲ್ಲ. ಅವಳ ಮನಸ್ಸಿನಲ್ಲಿದ್ದ ಮಾತು ಇಟಲಿಯ ಭಾಷೆಯಲ್ಲಿ ಏನಾಗುತ್ತದೋ ಅವಳಿಗೆ ಗೊತ್ತಿಲ್ಲ.

ಜಯಪ್ಪ ಊರಿಗೆ ಹೊರಟಾಗ ಪಿಯೆತ್ರೊ ಒಂದು ಬಾಟಲಿ ಕೈಗಿಟ್ಟು ಹೇಳಿದ್ದನಂತೆ: "ಇವನು ಈಗ ಒರಟು ಹುಡುಗ. ಈಗಲೇ ತೆರೆದರೆ ನಿನ್ನ ಬಾಯಿ ಕಟ್ಟಿಸುತ್ತಾನೆ. ಇಪ್ಪತ್ತು ವರ್ಷ ತಣ್ಣಗೆ ಕತ್ತಲಲ್ಲಿ ಮಲಗಿಸು, ಮನುಷ್ಯನಾಗುತ್ತಾನೆ." ತಾಳಿದವನು ಬಾಳಿಯಾನು ಅಂತ ನಾವು ಮನುಷ್ಯರಿಗೆ ಹೇಳುವುದನ್ನು ಆ ಊರಿನವರು ದ್ರಾಕ್ಷಿರಸಕ್ಕೆ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಆದರೆ ಮಲಗಿಸುವುದು ಎಲ್ಲಿ? ಮಾವ ಬಸವರಾಜಪ್ಪ ಆಗಿನ್ನೂ ಬದುಕಿದ್ದರು. "ಲಿಂಗಪೂಜೆ ನಡೆಯೋ ಮನೆಯಾಗೆ ಅದನ್ನ ಇಡಾಕೆ ನಾನು ಬಿಡಾದಿಲ್ಲ," ಎಂದು ಬಾಗಿಲಲ್ಲೇ ಹೇಳಿದರು. ಆಗ ಪ್ರೇಮಮ್ಮನಿಗೆ ನೆನಪಾದದ್ದು ಜಗಳೂರಿನ ಹತ್ತಿರದ ತನ್ನ ತವರುಮನೆಯ ಹಗೇವು. ಹಿತ್ತಲಲ್ಲಿ ನೆಲದೊಳಗೆ ಆಳವಾಗಿ ತೋಡಿ, ಬಾಯಿಗೆ ಕಲ್ಲು ಮುಚ್ಚಿ, ಜೋಳ ತುಂಬಿಡುತ್ತಿದ್ದ ಗುಂಡಿ ಅದು. ಜೋಳ ತುಂಬುವುದು ನಿಂತುಹೋಗಿತ್ತು, ಆದರೆ ತಂಪು ಎಲ್ಲಿ ಹೋಗುತ್ತದೆ? ಎಂಥ ಬೇಸಿಗೆಯಲ್ಲೂ ಅದರೊಳಗೆ ಇಳಿದವರಿಗೆ ಮೈ ಜುಮ್ಮೆನ್ನುತ್ತಿತ್ತು. ತವರಿನವರಿಗೆ ನಿಜ ಹೇಳುವಷ್ಟು ಧೈರ್ಯ ಪ್ರೇಮಮ್ಮನಿಗಿರಲಿಲ್ಲ. "ನಿಮ್ಮ ಅಳಿಯಂದ್ರ ಎದೆಗೆ ದ್ರಾಕ್ಷಾರಿಷ್ಟ, ಹಳೇದಾದಷ್ಟೂ ಗುಣ ಜಾಸ್ತಿ," ಎಂದು ಅವ್ವನಿಗೆ ಹೇಳಿ, ಬಾಟಲಿಯನ್ನು ಹೊಟ್ಟಿನಲ್ಲಿ ಹುಗಿದು ಅಡ್ಡ ಮಲಗಿಸಿ ಬಂದಳು. ಅಲ್ಲಿಂದ ಅದು ಮರೆತೇ ಹೋಯಿತು ಎನ್ನಬೇಕು. ಮಗಳು ಪೂಜಾ ಬೆಳೆದು, ಓದಿ, ಮದುವೆಯಾಗಿ ಹೊನ್ನಾಳಿಗೆ ಹೋದಳು. ಮಾವ ಶಿವನ ಪಾದ ಸೇರಿದರು. ಅತ್ತ ಪಿಯೆತ್ರೊನೂ ಹೋದ.

ಈಗ ಲೂಚಮ್ಮ ಕೇಳುತ್ತಿದ್ದದ್ದು ಅದೇ ಬಾಟಲಿಯನ್ನು.

"ಪ್ರೇಮಾ, ಅದು ಇನ್ನೂ ಐತಾ ಅಂತ ಕೇಳ್ತಾ ಅದಾರೆ," ಎಂದ ಜಯಪ್ಪ. ಅವನ ಇಟಾಲಿಯನ್ ಕುಂಟುತ್ತಲೇ ಇದ್ದರೂ ಊರು ಮುಟ್ಟಿಸುತ್ತಿತ್ತು. "ಆ ವರ್ಷದ ವೈನಿನಾಗೆ ಎರಡೇ ಉಳಿದಾವಂತೆ. ನಮ್ಮದೊಂದು, ಅವರದೊಂದು. ಮೊಮ್ಮಗಳ ಮದುವೆ ಬರೋ ವರ್ಷದಾಚೆಗೆ ಐತಂತೆ. ಅಲ್ಲೀತನ ಇಡಾನ ಅಂತ ಮಗ ಹೇಳ್ತಾನಂತೆ. ಅಷ್ಟು ದಿನ ವೈನೂ ಇರುತ್ತೋ ಇಲ್ಲೋ, ನಾನೂ ಇರ್ತೀನೋ ಇಲ್ಲೋ ಅಂತಾರೆ. ನಮ್ಮದನ್ನ ತೆಗೆದು ನೋಡಿ, ಈಗ ತೆರೀಬೇಕಾ, ಇನ್ನೂ ಇಡಬೌದಾ ಅಂತ ಹೇಳಬೇಕಂತೆ. ಅದು ಪಿಯೆತ್ರೊ ಅವರ ಕೈಯಿಂದ ಉಳಿದಿರೋ ಕಡೇದು. ಕೆಡಿಸಿಕೊಳ್ಳಾಕೆ ಮನಸಿಲ್ಲ ಅಂತ ಅಳ್ತಾ ಅದಾರೆ."

ಪ್ರೇಮಮ್ಮ ಮೊಬೈಲಿನೊಳಗೆ ನೋಡಿದಳು. ಮುದುಕಿ ಅಳುತ್ತಿರಲಿಲ್ಲ, ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಅದು ಇನ್ನೂ ಕಷ್ಟ.

ಒಪ್ಪಿಕೊಂಡದ್ದೇನೋ ಆಯಿತು. ತೊಡಕು ಜಯಪ್ಪನ ಮೂಗಿನದು. ಕೊರೊನಾ ಬಂದು ಹೋದಾಗ ಅವನ ಮೂಗಿನ ಶಕ್ತಿಯನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು. ವಾಪಸ್ ಬಂದದ್ದು ಅರ್ಧ, ಅದೂ ತಲೆಕೆಳಗಾಗಿ. ಕಾಫಿ ಸೀಮೆಎಣ್ಣೆಯಂತೆ, ಮಲ್ಲಿಗೆ ಕೊಳೆತ ಈರುಳ್ಳಿಯಂತೆ. ಪಿಯೆತ್ರೊನ ಪಕ್ಕದಲ್ಲಿ ಕೂತು ವೈನ್ ನೋಡುವುದನ್ನು ಕ್ರಮವಾಗಿ ಕಲಿತು ಬಂದವನಿಗೆ ಈಗ ವೈನೂ ಒಂದೇ, ನೀರೂ ಒಂದೇ.

"ಚೆನ್ನಾಗೈತೆ, ಇನ್ನೂ ಇಡ್ರಿ ಅಂತ ಹೇಳಿಬಿಡಾನ. ವಯಸ್ಸಾದೋರು, ಖುಷಿ ಪಡ್ಲಿ," ಎಂದ.

"ಉಂಡ ಮನೆಗೆ ಎರಡು ಬಗೆಯಾದಾ?" ಪ್ರೇಮಮ್ಮನಿಗೆ ನಿಜಕ್ಕೂ ಸಿಟ್ಟು ಬಂತು. "ನಿಮ್ಮನ್ನ ಸಾಯಾಕೆ ಬಿಡದೇ ಎತ್ತಿಕೊಂಡ ಹೆಂಗಸಿಗೆ ಬಾಯಿಗೆ ಬಂದಿದ್ದು ಹೇಳ್ತೀರಾ? ನಾನೇ ನೋಡ್ತೀನಿ ತಗಳ್ರಿ."

"ನೀನಾ?"

"ಕುಡಿಯಾಕೆ ಯಾರು ಹೇಳಿದ್ರು? ಬಾಯಿಗೆ ಹಾಕ್ಕಂಡು ಉಗುಳ್ತಾರೆ ಅಂತ ನೀವೇ ಹೇಳ್ತಿದ್ರಿ. ಉಗುಳಾದನ್ನ ನನಗೆ ಯಾರೂ ಕಲಿಸಬೇಕಾಗಿಲ್ಲ."

ಅದು ಸುಳ್ಳಲ್ಲ. ಊಟವಾದ ಮೇಲೆ ಎಲೆಯಡಿಕೆ ಹಾಕಿ, ಹಿತ್ತಲ ಕಟ್ಟೆಯ ಮೇಲೆ ಕೂತು ನುಗ್ಗೆಮರದ ಬುಡಕ್ಕೆ ಗುರಿಯಿಟ್ಟು ಉಗುಳುವುದರಲ್ಲಿ ಅವಳು ಬೀದಿಗೇ ಹೆಸರಾಗಿದ್ದಳು. ನಾಲಿಗೆಯೂ ಸುಮ್ಮನೆ ಇದ್ದ ನಾಲಿಗೆಯಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಅವಳನ್ನು ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲಿಸಿದ್ದರು. ಅಡಿಕೆ ಬೆಂದ ನೀರನ್ನು ಚೆಲ್ಲುವುದಿಲ್ಲ. ಅದೇ ಚೊಗರು. ಅದನ್ನು ಎತ್ತಿಟ್ಟು ಮುಂದಿನ ಬೇಯಿಸುವಿಕೆಗೆ ಸೇರಿಸಿದರೆ ಅಡಿಕೆಗೆ ಬಣ್ಣ ಬರುತ್ತದೆ. ಚೊಗರಿನ ಒಗರು ಇನ್ನೂ ಹಸಿಯಾಗಿದೆಯೋ, ಹದಕ್ಕೆ ಬಂದಿದೆಯೋ, ಕೆಟ್ಟಿದೆಯೋ ಎಂದು ನಾಲಿಗೆ ತುದಿಗೆ ಮುಟ್ಟಿಸಿ ಹೇಳುವುದನ್ನು ಅತ್ತೆ ಬೈದು ಬೈದು ಕಲಿಸಿದ್ದರು. ಬೈಗುಳಕ್ಕೂ ಅವಳು ಈಗ ಕೃತಜ್ಞಳು.

ಬಾಟಲಿ ತರಲು ತಮ್ಮ ಗುರುಬಸವರಾಜನಿಗೆ ಫೋನಾಯಿತು. ಅವನು ಹಗೇವಿನ ಕಲ್ಲು ಸರಿಸಿ, ದೀಪ ಇಳಿಬಿಟ್ಟು ಒಳಗಿನ ಗಾಳಿ ಕೆಟ್ಟಿಲ್ಲವೆಂದು ನೋಡಿಕೊಂಡು, ಇಳಿದು ಹೊಟ್ಟಿನಿಂದ ಬಾಟಲಿ ಎತ್ತಿ, ಜಗಳೂರಿನಿಂದ ದಾವಣಗೆರೆಗೆ, ದಾವಣಗೆರೆಯಿಂದ ಚನ್ನಗಿರಿಗೆ ಎರಡು ಬಸ್ಸಿನಲ್ಲೂ ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಬಂದ. ಅಷ್ಟು ಜೋಪಾನ ಮಾಡಿದವನು ಅಂಗಳದಲ್ಲಿ ನಿಂತು, ಭಾವನ ಕೈಗೆ ಕೊಡುವ ಮೊದಲು, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಗಡಗಡ ಅಲ್ಲಾಡಿಸಿಬಿಟ್ಟ.

ಜಯಪ್ಪ ಧಾವಿಸಿ ಬಂದು ಬಾಟಲಿಯನ್ನು ಕಸಿದುಕೊಂಡ.

"ಯಾಕ್ ಭಾವ? ಅರಿಷ್ಟ ಅಲ್ವಾ? ಕೆಳಗೆಲ್ಲ ಗಸಿ ನಿಂತಿತ್ತು. ಅಲ್ಲಾಡಿಸಿದ್ರೇ ಅಲ್ವಾ ಗುಣ?" ಎಂದ ಗುರುಬಸವರಾಜ.

ಪ್ರೇಮಮ್ಮ ತಮ್ಮನನ್ನು ಬೈಯಲು ಬಾಯಿ ತೆರೆದು ಮುಚ್ಚಿದಳು. ಅರಿಷ್ಟ ಅಂದವಳು ಯಾರು? ಮಾಡಿದ್ದುಣ್ಣೋ ಮಹರಾಯ. ಇಪ್ಪತ್ತೈದು ವರ್ಷದ ಹಿಂದೆ ಅವ್ವನಿಗೆ ಹೇಳಿದ ಸುಳ್ಳು ಮುದುಕಿಯೊಬ್ಬಳ ಕಡೆಯ ಆಸೆಯನ್ನು ಕಲಕಿಬಿಟ್ಟಿತಲ್ಲ ಎಂದುಕೊಂಡಳು. ಗಸಿ ಮತ್ತೆ ತಳ ಸೇರುವವರೆಗೆ ಬಾಟಲಿ ತೆರೆಯುವ ಹಾಗಿಲ್ಲ ಎಂದ ಜಯಪ್ಪ. ಮುಂದಿನ ಭಾನುವಾರದವರೆಗೆ ಕಾಯಬೇಕೆಂದು ಲೂಚಮ್ಮನಿಗೆ ತಿಳಿಸಿದರು. ಬಾಟಲಿಯನ್ನು ನಡುಮನೆಯ ಕತ್ತಲ ಮೂಲೆಯಲ್ಲಿ, ನೀರಿನ ಹರವಿಯ ಪಕ್ಕ ನೆಟ್ಟಗೆ ನಿಲ್ಲಿಸಿದರು. ವಾರವಿಡೀ ಅದರ ಹತ್ತಿರ ಯಾರೂ ಜೋರಾಗಿ ನಡೆಯಲಿಲ್ಲ.

ಆ ಭಾನುವಾರ ಪ್ರೇಮಮ್ಮ ಬೆಳಗಿನಿಂದ ಎಲೆಯಡಿಕೆ ಮುಟ್ಟಲಿಲ್ಲ. ಸುಣ್ಣ ತಾಗಿದ ನಾಲಿಗೆಗೆ ಏನೂ ತಿಳಿಯುವುದಿಲ್ಲವೆಂದು ಜಯಪ್ಪ ಹೇಳಿದ್ದ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ತಲೆನೋವು, ಗಂಡನ ಮೇಲೆ ಸಿಡುಕು. ಅವನು ಬಿರಡೆ ತೆಗೆಯುವಾಗ ಅದು ಅರ್ಧಕ್ಕೆ ಮುರಿದು ಪುಡಿಪುಡಿಯಾಯಿತು. ಹೊಸ ಬಿಳಿ ಬಟ್ಟೆಯಲ್ಲಿ ಮೆಲ್ಲಗೆ ಸೋಸಿ ಗಾಜಿನ ಜಗ್ಗಿಗೆ ಇಳಿಸಿದ. ತಳದ ಗಸಿಯನ್ನು ಬಾಟಲಿಯಲ್ಲೇ ಬಿಟ್ಟ. ಪ್ರೇಮಮ್ಮ ಮಣೆಯ ಮೇಲೆ ಕೂತು, ಪಕ್ಕದಲ್ಲಿ ಉಗುಳಲು ಬೋಗುಣಿ ಇಟ್ಟುಕೊಂಡು, ಒಮ್ಮೆ ಕಣ್ಣು ಮುಚ್ಚಿದಳು. ಶಿವನೇ, ಇದು ನನ್ನ ಬಾಯಿ ಚಪಲಕ್ಕಲ್ಲ ಎಂದುಕೊಂಡಳು.

"ಮೊದಲು ಬಣ್ಣ ನೋಡು. ಲೋಟ ಓರೆ ಮಾಡಿ, ಬಿಳಿ ಬಟ್ಟೆ ಮೇಲೆ ಹಿಡಿ."

"ಬಣ್ಣ ಬಿಟ್ಟೈತಲ್ರೀ. ನಡುವೆ ಕೆಂಪು, ಅಂಚಿನಾಗೆ ಹಳೇ ಹೆಂಚು ಇದ್ದಂಗೆ ಐತೆ."

"ಅದು ವಯಸ್ಸಿನ ಬಣ್ಣ, ತಪ್ಪಲ್ಲ. ಈಗ ಲೋಟ ತಿರುಗಿಸಿ ಮೂಸು."

ಮೂಸಿದಳು. ಮುಖ ಸಣ್ಣಗಾಯಿತು. "ಹಸಿ ಮಣ್ಣು. ನೆಂದ ಗೋಣಿಚೀಲ. ನಮ್ಮ ಹಗೇವಿನ ಬಾಯಿ ತೆಗೆದಂಗೆ ಐತೆ, ಬ್ಯಾರೆ ಏನೂ ಇಲ್ಲ."

ಈಗ ಬಾಯಿಗೆ ಹಾಕಿ ಗಾಳಿ ಎಳಿ ಎಂದ ಜಯಪ್ಪ. ಅವಳು ಒಂದು ಗುಟುಕು ಬಾಯಿಗೆ ಹಾಕಿ, ಅವನು ಹೇಳಿದಂತೆ ಗಾಳಿ ಎಳೆದು, ಬಾಯೆಲ್ಲ ಆಡಿಸಿ ಉಗುಳಿದಳು. ಹುಳಿ, ಆಮೇಲೆ ಒಗರು. ಒಗರು ಒಸಡಿಗೆ ಹತ್ತಿ ನಿಂತಿತು. ಹಣ್ಣಿನ ಸುಳಿವು ಸಿಗಲಿಲ್ಲ.

"ಸತ್ತೈತಾ?" ಎಂದು ಕೇಳಿದ ಜಯಪ್ಪ. ಅವನ ದನಿ ಪಿಯೆತ್ರೊನ ಬಗ್ಗೆ ಕೇಳಿದಂತಿತ್ತು.

ಪ್ರೇಮಮ್ಮ ಲೋಟ ಕೆಳಗಿಟ್ಟಳು. ಹೂಂ ಅಂದರೆ ಆ ಮುದುಕಿಯ ಎದೆ ಒಡೆಯುತ್ತದೆ. ಊಹೂಂ ಅನ್ನಲು ಸಾಕ್ಷಿ ಇಲ್ಲ. ಮುಚ್ಚಿಟ್ಟ ಚೊಗರಿನ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವುದು ಕೊಳಗದ ವಾಸನೆ, ಚೊಗರಿನದಲ್ಲ ಎಂದು ಅತ್ತೆ ಹೇಳುತ್ತಿದ್ದರು. "ಇಷ್ಟು ವರ್ಷ ಉಸಿರು ಕಟ್ಟಿ ಕೂತಿರೋದು. ಸ್ವಲ್ಪ ಗಾಳಿ ಕುಡೀಲಿ ತಡೀರಿ," ಎಂದು ಜಗ್ಗಿನ ಮೇಲೆ ತೆಳು ಬಟ್ಟೆ ಹೊದಿಸಿ ಎದ್ದಳು. ಪಾತ್ರೆ ತೊಳೆದಳು. ಬಟ್ಟೆ ಮಡಿಸಿದಳು. ಒಂದು ಕೆಲಸದಲ್ಲೂ ಮನಸ್ಸಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಂದು ಬಟ್ಟೆ ಸರಿಸಿದವಳು ಹಾಗೇ ನಿಂತಳು. ಮಣ್ಣಿನ ವಾಸನೆ ಹೋಗಿತ್ತು.

"ರೀ, ಗುಲ್ಕಂದ್," ಎಂದಳು. "ನಮ್ಮ ಬೀದಿ ದಿಲ್‌ಶಾದ್ ಬೇಗಂ ಮನೆಯಾಗೆ ಬಿಸಿಲಿಗಿಟ್ಟ ಗುಲ್ಕಂದ್ ಭರಣಿ ಮುಚ್ಚಳ ತೆಗೆದ್ರೆ ಬರುತ್ತಲ್ಲ, ಅದೇ. ಒಣಗಿದ ಗುಲಾಬಿ. ಅದರ ಹಿಂದೆ ಹೊಸದಾಗಿ ಹಾಕಿದ ಡಾಂಬರು. ನಗಬ್ಯಾಡ್ರಿ, ನಿಜವಾಗ್ಲೂ ಡಾಂಬರು. ಒಂಚೂರು ಹೊಗೆಸೊಪ್ಪು. ಒಣಗಿದ ಕಿತ್ತಳೆ ಸಿಪ್ಪೆ."

ಜಯಪ್ಪ ನಗುತ್ತಿರಲಿಲ್ಲ. ಗುಲಾಬಿ ಮತ್ತು ಡಾಂಬರು, ಇವೆರಡೂ ಒಟ್ಟಿಗೆ ಬಂದರೆ ಬರೋಲೊದ ವೈನ್ ಬದುಕಿದೆ ಎಂದರ್ಥ ಅಂತ ಪಿಯೆತ್ರೊ ಹೇಳಿಕೊಟ್ಟಿದ್ದನ್ನು ಅವನು ಹೆಂಡತಿಗೆ ಎಂದೂ ಹೇಳಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ತನ್ನ ಮೂಗು ಹೋದರೂ ಮನೆಯಲ್ಲೊಂದು ಮೂಗು ಉಳಿದಿದೆಯಲ್ಲ ಎಂದು ಹೆಂಡತಿಯ ಮುಖವನ್ನೇ ನೋಡಿದ.

ಅವಳು ಮತ್ತೊಂದು ಗುಟುಕು ಹಾಕಿ ಬಾಯಲ್ಲಿ ಆಡಿಸಿದಳು. ಉಗುಳಿದಳು. ಇನ್ನೊಂದು ಗುಟುಕು. ಈ ಸಲ ಆತುರ ಪಡಲಿಲ್ಲ.

"ಒಗರು ಐತೆ, ಆದ್ರೆ ಕಟ್ಟಾದಿಲ್ಲ. ಹದಕ್ಕೆ ಬಂದ ಚೊಗರಿನಂಗೆ ಕರಗಿ ಹೋಗ್ತೈತೆ. ಹುಳಿ ನೆಟ್ಟಗೆ ನಿಂತೈತೆ. ಹಣ್ಣು ಐತೆ, ಹಸಿ ಹಣ್ಣಲ್ಲ, ಒಣಗಿದ್ದು. ಒಂದು ಮಾತ್ರ ಹೇಳ್ತೀನಿ, ಹಣ್ಣು ತೆಳ್ಳಗಾಗ್ತಾ ಐತೆ. ಈಗಿರೋ ಹದ ಮುಂದೆ ಇರಾದಿಲ್ಲ. ಇನ್ನೂ ಇಟ್ರೆ ಹಣ್ಣು ಹೋಗಿ ಬರೀ ಹುಳಿ ಉಳೀತೈತೆ. ಮದುವೇತನ ಕಾಯಬ್ಯಾಡ್ರಿ, ಈಗ್ಲೇ ತೆಗೀರಿ ಅಂತ ಹೇಳ್ರಿ."

"ಗ್ಯಾರಂಟಿನಾ? ಅವರತ್ರ ಬ್ಯಾರೆ ಇಲ್ಲ ಪ್ರೇಮಾ."

"ನನ್ನ ನಾಲಿಗೆಗೆ ತಿಳಿದಿದ್ದು ಇಷ್ಟು. ಇದ್ದದ್ದು ಇದ್ದಂಗೆ ಹೇಳ್ರಿ."

ಕರೆ ಮಾಡಿದಾಗ ಇಟಲಿಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಲೂಚಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು, ಪಕ್ಕದಲ್ಲಿ ಮೊಮ್ಮಗಳು. ಜಯಪ್ಪ ಹೆಂಡತಿಯ ಮಾತನ್ನೆಲ್ಲ ಕುಂಟು ಭಾಷೆಯಲ್ಲಿ ಒಪ್ಪಿಸಿದ. ಗುಲ್ಕಂದ್ ಎಂದರೇನೆಂದು ವಿವರಿಸಿದ, ಚೊಗರನ್ನು ವಿವರಿಸಲಾರದೆ ಬಿಟ್ಟ. ಮುದುಕಿ ಎಲ್ಲವನ್ನೂ ಕೇಳಿ, ತಡಮಾಡದೆ ಮೊಮ್ಮಗಳಿಗೆ ಏನೋ ಹೇಳಿದಳು. ಒಲೆಯ ಪಕ್ಕದ ಗೋಡೆಗೂಡಿನಲ್ಲಿ, ಪಿಯೆತ್ರೊನ ಪಟದ ಪಕ್ಕ ನಿಲ್ಲಿಸಿದ್ದ ಬಾಟಲಿಯನ್ನು ಆ ಹುಡುಗಿ ಎತ್ತಿ ತಂದಳು. ಇಷ್ಟು ವರ್ಷ ಅದು ಕಣ್ಣೆದುರಿಗೇ ಇರಲೆಂದು ಲೂಚಮ್ಮ ಅಲ್ಲಿಟ್ಟಿದ್ದಳಂತೆ. ತಣ್ಣಗೆ, ಕತ್ತಲಲ್ಲಿ ಎಂದಿದ್ದ ಪಿಯೆತ್ರೊನ ಮಾತು ಪ್ರೇಮಮ್ಮನಿಗೆ ನೆನಪಾಯಿತು. ಒಲೆಯ ಪಕ್ಕವೇ?

ಮೊಮ್ಮಗಳು ಬಿರಡೆ ತೆಗೆದು ಬಗ್ಗಿಸಿಕೊಟ್ಟ ಲೋಟವನ್ನು ಲೂಚಮ್ಮ ಮೂಗಿಗೆ ಹಿಡಿದಳು. ಮುಖದ ನಗು ಹಾಗೇ ನಿಂತು, ಆಮೇಲೆ ಮೆಲ್ಲಗೆ ಇಳಿಯಿತು. ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟಳು. ಮೊಮ್ಮಗಳು ಅವಳ ಭುಜದ ಮೇಲೆ ಕೈಯಿಟ್ಟಳು. ಜಯಪ್ಪ ಹೇಳುವ ಮೊದಲೇ ಪ್ರೇಮಮ್ಮನಿಗೆ ಅರ್ಥವಾಗಿತ್ತು.

"ಹುಳಿ ಹೊಡೆದೈತಂತೆ. ಎಷ್ಟೋ ವರ್ಷದ ಹಿಂದೇನೇ ಹೋಗಿರಬೇಕು ಅಂತಾರೆ."

ಪ್ರೇಮಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತೆರೆಯಿರಿ ಎಂದವಳು ತಾನು. ಆಸೆಯನ್ನಾದರೂ ಇಟ್ಟುಕೊಂಡಿದ್ದಳು ಪಾಪದ ಮುದುಕಿ. "ನನ್ನಿಂದ ಹಿಂಗಾತು ಅಂತ ಹೇಳ್ರಿ. ತಪ್ಪು ತಿಳೀಬ್ಯಾಡ್ರಿ ಅಂತ ಹೇಳ್ರಿ," ಎಂದಳು.

ಲೂಚಮ್ಮ ತಲೆಯಾಡಿಸಿ, ಮೊಬೈಲಿಗೆ ಹತ್ತಿರ ಬಂದು ಬಹಳ ಹೊತ್ತು ಮಾತಾಡಿದಳು. ಜಯಪ್ಪ ನಡುನಡುವೆ ನಿಲ್ಲಿಸಿ ಕನ್ನಡಕ್ಕೆ ತಂದ.

"ನೀನು ಹೇಳದೇ ಇದ್ದಿದ್ರೆ ಮದುವೆ ದಿನ ಎಲ್ಲರ ಮುಂದೆ ಪಿಯೆತ್ರೊ ಹೆಸರಲ್ಲಿ ವಿನೆಗರ್ ಸುರೀತಿದ್ದೆ, ನನ್ನ ಮರ್ಯಾದೆ ಉಳಿಸಿದೆ ಅಂತಾರೆ. ನಾನು ಮೋಹಕ್ಕೆ ಕಣ್ಣ ಮುಂದೆ ಇಟ್ಟು ಸಾಯಿಸಿದೆ, ನೀವು ನೆಲದಾಗೆ ಹುಗಿದು ಬದುಕಿಸಿದ್ರಿ ಅಂತಾರೆ. ಅವನು ಮಾಡಿದ್ದು ಹಾಳಾಗಲಿಲ್ಲ ಅಂತ ನಿಮ್ಮಿಂದ ಗೊತ್ತಾತು. ನಿನಗೆ ನಾನು ಋಣಿ ಅಂತಾರೆ ಪ್ರೇಮಾ."

ಋಣಿ ಯಾರು, ಯಾರಿಗೆ? ಇಷ್ಟು ವರ್ಷ ತಾನು ಹೇಳಬೇಕೆಂದು ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಆಕೆಯೇ ಮೊದಲು ಹೇಳಿಬಿಟ್ಟಿದ್ದಳು. ಪ್ರೇಮಮ್ಮ ಮೊಬೈಲಿಗೆ ಕೈ ಮುಗಿದಳು. "ನನ್ನ ಗಂಡನ್ನ ನೀವು ಉಳಿಸಿಕೊಟ್ರಿ. ನನ್ನ ಮಗಳು ಅಪ್ಪನ ಮುಖ ನೋಡಿದ್ದು ನಿಮ್ಮಿಂದ. ನಾನು ಮಾಡಿದ್ದು ಏನೂ ಅಲ್ಲ ಲೂಚಮ್ಮ," ಎಂದಳು. ಜಯಪ್ಪ ಅದನ್ನು ದಾಟಿಸುವಾಗ ಎರಡು ಸಲ ನಿಂತ.

ಲೂಚಮ್ಮ ಕಣ್ಣೊರೆಸಿಕೊಂಡು, ಈಗ ಮೊಂಡು ಹುಡುಗಿಯಂತೆ ಏನನ್ನೋ ಕೇಳಿದಳು. ಜಯಪ್ಪ ಹೆಂಡತಿಯ ಕಡೆ ನೋಡಲು ಹಿಂಜರಿದ.

"ಏನಂತೆ?"

"ಒಂದೇ ಒಂದು ಗುಟುಕು ನುಂಗಬೇಕಂತೆ. ಉಗುಳಿದ್ರೆ ಕಡೇದು ತಿಳಿಯಾದಿಲ್ಲ. ನುಂಗಿದ ಮೇಲೆ ಬಾಯಾಗೆ ಎಷ್ಟು ಹೊತ್ತು ಉಳೀತೈತೋ ಅದೇ ವೈನಿನ ತೂಕ ಅಂತ ಪಿಯೆತ್ರೊ ಹೇಳ್ತಿದ್ರಂತೆ. ಅಲ್ಲಿರೋದನ್ನ ನಾನು ಕುಡಿಯಾಕಾಗಲ್ಲ, ಅವಳು ಕುಡಿದು ಬಾಯಾಗಿನ ರುಚಿ ಹೋಗೋತನ ನನಗೆ ಹೇಳ್ತಿರಲಿ ಅಂತಾರೆ. ಬ್ಯಾಡ ಅಂದ್ರೆ ಬ್ಯಾಡ ಅಂತ ಹೇಳ್ತೀನಿ ಬಿಡು."

ಪ್ರೇಮಮ್ಮ ದೇವರ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಮಾವ ಇದ್ದಿದ್ದರೆ ಏನನ್ನುತ್ತಿದ್ದರೋ. ಆದರೆ ಸತ್ತ ಗಂಡನ ಕೈರುಚಿ ಒಂದು ಸಲ ಬೇಕೆಂದು ಕೇಳುವ ಹೆಂಗಸಿಗೆ ಇಲ್ಲ ಅನ್ನು ಎಂದು ಯಾವ ಶಿವನೂ ಹೇಳಲಾರ ಎಂದು ಅವಳಿಗೆ ಖಚಿತವಾಗಿ ತಿಳಿಯಿತು. ಬೋಗುಣಿಯನ್ನು ಆಚೆ ಸರಿಸಿದಳು. ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿ, ಆಡಿಸಿ, ನುಂಗಿದಳು.

ಎದೆಯಲ್ಲಿ ಬೆಚ್ಚಗೆ ಇಳಿಯಿತು. ಆಮೇಲೆ ಖಾಲಿ ಬಾಯಲ್ಲಿ ಗುಲಾಬಿ ಮತ್ತೆ ಎದ್ದಿತು, ಮೊದಲಿಗಿಂತ ಸ್ಪಷ್ಟವಾಗಿ. ಅದರ ಹಿಂದೆ ಒಗರು, ಅದರ ಹಿಂದೆ ಸಿಹಿಯಂಥದ್ದು ಏನೋ. ಪ್ರೇಮಮ್ಮ ಮೊಬೈಲಿನೊಳಗಿನ ಮುಖವನ್ನೇ ನೋಡುತ್ತ ಕೂತಳು. ಲೂಚಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ಅವಳ ತುಟಿ ಮೆಲ್ಲಗೆ ಆಡುತ್ತಿತ್ತು.

"ಹೋಯ್ತಾ ಅಂತ ಕೇಳ್ತಾ ಅದಾರೆ," ಎಂದ ಜಯಪ್ಪ.

"ಇಲ್ಲ. ಐತೆ."

ಹೊರಗೆ ಬೀದಿಯಲ್ಲಿ ಹಾಲಿನವನ ಗಾಡಿ ಬಂದು ನಿಂತು ಹೋಯಿತು.

"ಈಗ?" ಎಂದ ಜಯಪ್ಪ.

ಪ್ರೇಮಮ್ಮ ನಾಲಿಗೆಯನ್ನು ಅಂಗುಳಿಗೆ ಒತ್ತಿ ನೋಡಿದಳು. ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ.

"ಐತೆ ಲೂಚಮ್ಮ," ಎಂದಳು. "ಇನ್ನೂ ಐತೆ."